ಒಪ್ಪಂದದ ಭಾಷೆ, ಒಪ್ಪದವರ ಮಾತು

ಮೊದಲನೆಯ ಮಹಾಯುದ್ಧದ ಕಾರಣಗಳನ್ನು ಚರ್ಚಿಸುವ ಗ್ರಂಥಗಳು ಸಾಮಾನ್ಯವಾಗಿ ಯುರೋಪನ್ನು ಎರಡು ಬಣಗಳಾಗಿ ವಿಂಗಡಿಸುವುದರಿಂದ ಆರಂಭವಾಗುತ್ತವೆ. ಒಂದು ಕಡೆ ಜರ್ಮನಿ, ಆಸ್ಟ್ರಿಯಾ-ಹಂಗೆರಿ, ಇಟಲಿಗಳ 1882ರ ತ್ರಿಮೈತ್ರಿ. ಇನ್ನೊಂದು ಕಡೆ 1894ರ ಫ್ರಾನ್ಸ್-ರಷ್ಯಾ ಮೈತ್ರಿ ಹಾಗೂ ಬ್ರಿಟನ್ನು 1904ರಲ್ಲಿ ಫ್ರಾನ್ಸಿನೊಂದಿಗೂ 1907ರಲ್ಲಿ ರಷ್ಯಾದೊಂದಿಗೂ ಮಾಡಿಕೊಂಡ ಒಡಂಬಡಿಕೆಗಳು. ನಮ್ಮ ಪಠ್ಯಪುಸ್ತಕಗಳೂ ಈ ಪಟ್ಟಿಯನ್ನೇ ಒಪ್ಪಿಸುತ್ತ ಬಂದಿವೆ. ಆದರೆ ಬ್ರಿಟನ್ನಿನ ಈ ಎರಡು ಒಡಂಬಡಿಕೆಗಳಲ್ಲಿ ಯುರೋಪಿನ ಯುದ್ಧಕ್ಕೆ ಸೈನ್ಯ ಒದಗಿಸುವ ಕರಾರೇ ಇಲ್ಲ. ಮೊದಲನೆಯದು ಮುಖ್ಯವಾಗಿ ಈಜಿಪ್ಟ್, ಮೊರಾಕೊ, ಸಯಾಮ್‌ಗಳನ್ನು ಕುರಿತದ್ದು. ಎರಡನೆಯದು ಪರ್ಷಿಯಾ, ಅಫ್ಘಾನಿಸ್ತಾನ, ಟಿಬೆಟ್‌ಗಳನ್ನು ಕುರಿತದ್ದು. ಯುರೋಪಿನ ಸ್ನೇಹವನ್ನು ಅನ್ಯರ ನೆಲದ ಮೇಲೆ ಬರೆಯಲಾಯಿತು ಎಂಬ ಈ ಸಂಗತಿಯನ್ನು ಚರಿತ್ರೆಕಾರರು ಅರಿಯದವರೇನಲ್ಲ. ಆದರೆ ಅದಕ್ಕೆ ಅವರು ಕೊಡುವ ಸ್ಥಾನ ಯಾವುದು ಎಂಬುದು ನಮ್ಮ ಪ್ರಶ್ನೆ.

1907ರ ಆಗಸ್ಟ್ 31ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೋಲ್ಸನ್ ಮತ್ತು ಇಜ್ವೋಲ್ಸ್ಕಿ ಸಹಿ ಮಾಡಿದ ಒಡಂಬಡಿಕೆಯನ್ನು ಒಂದು ಪಠ್ಯವಾಗಿ ಓದಿ ನೋಡಬಹುದು. ಅದರ ಪೀಠಿಕೆ ಪರ್ಷಿಯಾದ ಅಖಂಡತೆಯನ್ನೂ ಸ್ವಾತಂತ್ರ್ಯವನ್ನೂ ಗೌರವಿಸುವ ಮಾತಿನಿಂದ ತೊಡಗುತ್ತದೆ. ಆ ಬಳಿಕ ಬರುವ ವಾಕ್ಯಗಳು ನಿಷೇಧರೂಪದವು. ಉತ್ತರದಲ್ಲಿ ಬ್ರಿಟನ್ ರಿಯಾಯಿತಿಗಳನ್ನು ಕೋರುವುದಿಲ್ಲ. ಆಗ್ನೇಯದಲ್ಲಿ ರಷ್ಯಾ ಕೋರುವುದಿಲ್ಲ. ಪಡೆಯುವ ಕ್ರಿಯೆಯನ್ನು ಇಲ್ಲಿ ಬಿಟ್ಟುಕೊಡುವ ಕ್ರಿಯೆಯಾಗಿ ಹೇಳಲಾಗಿದೆ. ತನ್ನದಲ್ಲದ್ದನ್ನು ಪರಸ್ಪರರಿಗಾಗಿ ತ್ಯಜಿಸುವ ಈ ವ್ಯಾಕರಣದಲ್ಲಿ ನೆಲದ ಒಡೆಯ ಕರ್ತೃವಾಗಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಹಿಂದಿನ ವರ್ಷವಷ್ಟೇ ಸಂವಿಧಾನವನ್ನೂ ಮಜ್ಲಿಸನ್ನೂ ಪಡೆದಿದ್ದ ಪರ್ಷಿಯಾ ಈ ಒಡಂಬಡಿಕೆಯಲ್ಲಿ ಪಕ್ಷವಾಗಿರಲಿಲ್ಲ. ಅಫ್ಘಾನಿಸ್ತಾನದ ಅಮೀರ ಹಬೀಬುಲ್ಲಾನ ಸಮ್ಮತಿ ಬೇಕೆಂದು ಬರೆಯಲಾಗಿತ್ತಾದರೂ ಅವನು ಅದನ್ನು ಕೊಡಲೇ ಇಲ್ಲ.

ಇದು ಅಂದಿನವರಿಗೆ ಕಾಣದ ಸತ್ಯವಾಗಿರಲಿಲ್ಲ. ಲಂಡನ್ನಿನ 'ಪಂಚ್' ಪತ್ರಿಕೆ ಅದೇ ವರ್ಷ ಸಿಂಹ ಮತ್ತು ಕರಡಿಗಳ ನಡುವೆ ಸಿಕ್ಕ ಪರ್ಷಿಯನ್ ಬೆಕ್ಕನ್ನು ಚಿತ್ರಿಸಿ, ತಾನು ಇದಕ್ಕೆ ಒಪ್ಪಿದ ನೆನಪಿಲ್ಲವೆಂದು ಅದರ ಬಾಯಿಂದ ಹೇಳಿಸಿತು. ಕೇಂಬ್ರಿಜ್ಜಿನ ಪಾರಸಿ ವಿದ್ವಾಂಸ ಇ. ಜಿ. ಬ್ರೌನ್ 1910ರಲ್ಲಿ ಪರ್ಷಿಯಾದ ಕ್ರಾಂತಿಯನ್ನು ಕುರಿತೂ 1914ರಲ್ಲಿ ಅಲ್ಲಿಯ ಪತ್ರಿಕೆ ಮತ್ತು ಕಾವ್ಯಗಳನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿದರು. ಬ್ರೌನ್ ನಿಷ್ಪಕ್ಷಪಾತಿಯಲ್ಲ, ನಿಜ; ಆದರೆ ಒಪ್ಪದವರ ಮಾತನ್ನು ಅವರದೇ ಭಾಷೆಯಲ್ಲಿ ಕೇಳಿಸಿಕೊಂಡವರು.

ಮೈತ್ರಿಯ ಬೆಲೆ 1911ರಲ್ಲಿ ಸ್ಪಷ್ಟವಾಯಿತು. ಹಣಕಾಸನ್ನು ಸರಿಪಡಿಸಲು ಮಜ್ಲಿಸ್ ನೇಮಿಸಿಕೊಂಡಿದ್ದ ಅಮೆರಿಕದ ಮಾರ್ಗನ್ ಶುಸ್ಟರ್ ಅವರನ್ನು ವಜಾ ಮಾಡಬೇಕೆಂದು ರಷ್ಯಾ ಅಂತಿಮ ಎಚ್ಚರಿಕೆ ನೀಡಿತು. ಡಿಸೆಂಬರಿನಲ್ಲಿ ಮಜ್ಲಿಸ್ ಮುಚ್ಚಿತು. ಜರ್ಮನಿಯ ಎದುರು ರಷ್ಯಾದ ಸ್ನೇಹವನ್ನು ಕಳೆದುಕೊಳ್ಳಲೊಲ್ಲದ ಬ್ರಿಟನ್ನಿನ ವಿದೇಶಾಂಗ ಸಚಿವ ಗ್ರೇ ಇದನ್ನು ತಡೆಯಲಿಲ್ಲ. 1915ರ ಮಾರ್ಚಿನಲ್ಲಿ ರಷ್ಯಾಕ್ಕೆ ಕಾನ್ಸ್ಟಾಂಟಿನೋಪಲನ್ನು ಒಪ್ಪಿಸುವ ಮಾತಾದಾಗ, ಪರ್ಷಿಯಾದ ನಡುವಿನ 'ತಟಸ್ಥ ವಲಯ' ಬ್ರಿಟನ್ನಿನ ಪಾಲಿಗೆ ಬಂದಿತು. 1908ರಲ್ಲಿ ಎಣ್ಣೆ ಚಿಮ್ಮಿದ್ದ ಮಸ್ಜಿದ್ ಸುಲೇಮಾನ್ ಆ ವಲಯದಲ್ಲಿಯೇ ಇದ್ದಿತು.

ಈ ಹಿನ್ನೆಲೆಯಲ್ಲಿ ಚರಿತ್ರೆಕಾರರ ವಾಗ್ವಾದವನ್ನು ಪರಿಶೀಲಿಸಬೇಕು. ಫ್ರಿಟ್ಜ್ ಫಿಶರ್ 1961ರಲ್ಲಿ ಜರ್ಮನಿಯ ವಿಸ್ತರಣಾಕಾಂಕ್ಷೆಯನ್ನು ಮುಂದಿಟ್ಟರು. ಕ್ರಿಸ್ಟೋಫರ್ ಕ್ಲಾರ್ಕ್ 2012ರಲ್ಲಿ ಹೊಣೆಯನ್ನು ಎಲ್ಲ ರಾಜಧಾನಿಗಳಿಗೂ ಹಂಚಿ, ಅಂದಿನ ರಾಜಕಾರಣಿಗಳನ್ನು ನಿದ್ದೆಯಲ್ಲಿ ನಡೆಯುವವರಿಗೆ ಹೋಲಿಸಿದರು. ಕ್ಲಾರ್ಕ್ ಅವರ ಗ್ರಂಥ ವಿಶಾಲವಾದುದು. 1911ರಲ್ಲಿ ಇಟಲಿ ಲಿಬಿಯಾದ ಮೇಲೆ ಎರಗಿದುದು ಬಾಲ್ಕನ್ ಯುದ್ಧಗಳಿಗೆ ದಾರಿಮಾಡಿದುದನ್ನು ಅವರು ಚೆನ್ನಾಗಿ ತೋರಿಸುತ್ತಾರೆ. ನಮ್ಮ ಆಕ್ಷೇಪ ಅವರ ರೂಪಕಕ್ಕೆ. ಭೂಪಟದ ಮೇಲೆ ಊರಿನಿಂದೂರಿಗೆ ಗೆರೆ ಎಳೆದವರು ನಿದ್ದೆಯಲ್ಲಿರಲಿಲ್ಲ. 1914ರ ಜುಲೈ ತಿಂಗಳಿಗೆ ಈ ರೂಪಕ ಒಪ್ಪಬಹುದು. ಅದರ ಹಿಂದಿನ ದಶಕಕ್ಕೆ ಒಪ್ಪುವುದಿಲ್ಲ. ಹೊಣೆಗಾರಿಕೆಯ ಪ್ರಶ್ನೆ ಯುರೋಪಿನ ಅಂಗಳದೊಳಗೇ ಸುತ್ತುವವರೆಗೆ, ಬೆಕ್ಕಿನ ಮಾತು ನಗೆಚಿತ್ರವಾಗಿಯೇ ಉಳಿಯುತ್ತದೆ.

ಈ ವಿಚಾರ ನಮಗೆ ದೂರದ್ದಲ್ಲ. 1907ರ ಒಡಂಬಡಿಕೆಗೆ ಕೊಡಲಾದ ಮುಖ್ಯ ಸಮರ್ಥನೆ ಭಾರತದ ರಕ್ಷಣೆ. ಆ ಗಡಿಯ ಭಯ 1914ರ ಬ್ರಿಟನ್ನಿನ ನಿರ್ಧಾರದ ಹಿಂದೆಯೂ ಇತ್ತೆಂದು ಕೀತ್ ವಿಲ್ಸನ್ 1985ರಲ್ಲಿಯೇ ವಾದಿಸಿದ್ದಾರೆ. ಹೀಗೆ ಯಾರ ಹೆಸರಿನಲ್ಲಿ ಮೈತ್ರಿ ನಡೆಯಿತೋ ಅವರನ್ನೂ ಯಾರೂ ಕೇಳಲಿಲ್ಲ. ದೆಹಲಿಯ ತೀನ್ ಮೂರ್ತಿಯ ಕಂಚಿನ ಯೋಧರು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಅಶ್ವದಳಗಳ ಸ್ಮಾರಕ. ಮೈಸೂರಿನ ದಳ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿತು. ಆ ಸವಾರರ ಶೌರ್ಯವನ್ನು ನೆನೆಯುವಾಗ, ಅವರನ್ನು ಅಲ್ಲಿಗೆ ಒಯ್ದ ಒಪ್ಪಂದಗಳ ಭಾಷೆಯನ್ನೂ ಓದಬೇಕಾದುದು ನಮ್ಮ ವಿಮರ್ಶೆಯ ಹೊಣೆಯೆಂದು ಭಾವಿಸುತ್ತೇವೆ.