ಡೆಲ್ಟಾಗಳನ್ನು ಕೇಳಿದವರು ಯಾರು?

ಮಿದುಳಿಗೆ ತಂತಿ ಜೋಡಿಸಿ, ತೊಟ್ಟಿಯೊಂದರಲ್ಲಿ ತೇಲಿಬಿಟ್ಟು, ಬದುಕಿನುದ್ದಕ್ಕೂ ಬೇಕಾದ ಸುಖವನ್ನೆಲ್ಲ ಉಣಿಸುವ ಯಂತ್ರವೊಂದಿದ್ದರೆ ನೀವು ಅದರೊಳಕ್ಕೆ ಹೋಗುತ್ತೀರಾ? ಒಳಗಿರುವಷ್ಟು ಕಾಲ ಅದು ಯಂತ್ರದ ಆಟ ಅನ್ನೋದೇ ಗೊತ್ತಾಗುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ನೋಜಿಕ್ 1974ರಲ್ಲಿ 'ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ' ಎಂಬ ಪುಸ್ತಕದಲ್ಲಿ ಹಾಕಿದ ಪ್ರಶ್ನೆ ಇದು. ನಾವು ಹೋಗುವುದಿಲ್ಲ ಅನ್ನೋದು ಅವನ ಉತ್ತರ. ಮಾಡಿದಂತೆ ಅನಿಸಿದರೆ ಸಾಲದು, ನಿಜವಾಗಿ ಮಾಡಬೇಕು. ಏನೋ ಒಂದು ಆಗಿ ಬಾಳಬೇಕು ಎಂಬುದು ಅವನ ವಾದ.

ಮಾತೇನೋ ಚೆನ್ನಾಗಿದೆ. ಆದರೆ ಈ 'ನಾವು' ಅಂದರೆ ಯಾರು? ದುಡಿಮೆಯ ಸಂಪಾದನೆಯ ಮೇಲಿನ ತೆರಿಗೆ ಬಲವಂತದ ದುಡಿಮೆಗೆ ಸಮ ಅಂತಲೂ ಅದೇ ಪುಸ್ತಕದಲ್ಲಿ ನೋಜಿಕ್ ಬರೆದಿದ್ದಾನೆ. ಅಂದರೆ ಇಲ್ಲದವನಿಗೆ ಕೊಡಲೆಂದು ಉಳ್ಳವನಿಂದ ತೆರಿಗೆ ಎತ್ತಿದರೆ ಅದು ಉಳ್ಳವನ ಜೀತ! ಜೀತವನ್ನು ರದ್ದು ಮಾಡಲು 1976ರಲ್ಲಿ ಕಾಯಿದೆಯನ್ನೇ ತರಬೇಕಾಗಿ ಬಂದ ನಾಡಿನ ನಮಗೆ ಈ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಕನಸು ಬೇಡ, ವಾಸ್ತವವೇ ಇರಲಿ ಅನ್ನೋದು ವಾಸ್ತವ ಹಸನಾಗಿರೋರಿಗೆ ಸಲೀಸು.

ಇದು ಬರೀ ಸಿಟ್ಟಿನ ಮಾತಲ್ಲ. ಫೆಲಿಪೆ ದೆ ಬ್ರಿಗಾರ್ಡ್ ಎಂಬ ತತ್ವಶಾಸ್ತ್ರಜ್ಞ 2010ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಪ್ರಶ್ನೆಯನ್ನು ಮಗುಚಿ ಹಾಕಿದ. ನೀವು ಈಗಾಗಲೇ ಯಂತ್ರದೊಳಗೇ ಇದ್ದೀರಿ, ಹೊರಗೆ ಬರುತ್ತೀರಾ ಅಂತ ವಿದ್ಯಾರ್ಥಿಗಳನ್ನು ಕೇಳಿದ. ಹೊರಗಿನ ಬದುಕು ಹೇಗಿದೆ ಅಂತ ಏನೂ ಹೇಳದೆ ಕೇಳಿದಾಗ ನೂರಕ್ಕೆ 46 ಮಂದಿ ಒಳಗೇ ಇರುತ್ತೇವೆ ಅಂದರು. ಹೊರಗೆ ನೀವು ಬಿಗಿ ಕಾವಲಿನ ಜೈಲಿನಲ್ಲಿರುವ ಕೈದಿ ಅಂದಾಗ 87 ಮಂದಿ ಒಳಗೇ ಉಳಿದರು. ಮನುಷ್ಯ ಒಗ್ಗಿಹೋದದ್ದನ್ನು ಬಿಡಲು ಹಿಂಜರಿಯುತ್ತಾನೆ ಎಂಬುದು ಅವನ ತೀರ್ಮಾನ. ಇರಬಹುದು. ಆದರೆ 46ಕ್ಕೂ 87ಕ್ಕೂ ನಡುವೆ ಇರುವ ಅಂತರವನ್ನು ನೋಡಿ. ಆ ಅಂತರದ ಹೆಸರು ಜೈಲು.

ಈ ಕಣ್ಣಿನಿಂದ ಆಲ್ಡಸ್ ಹಕ್ಸ್ಲಿಯ 'ಬ್ರೇವ್ ನ್ಯೂ ವರ್ಲ್ಡ್' ಕಾದಂಬರಿಯನ್ನು ಮತ್ತೆ ಓದಬೇಕು. 1932ರಲ್ಲಿ ಬಂದ ಈ ಕಾದಂಬರಿ ಕೃತಕ ಸುಖದ ಬಗ್ಗೆ ಎಚ್ಚರಿಸಿದ ಕೃತಿಯೆಂದೇ ಹೆಸರಾಗಿದೆ. ಅದು ಜಾತಿಯ ಕಾದಂಬರಿಯೂ ಹೌದು ಅನ್ನೋದನ್ನು ನಮ್ಮ ಇಂಗ್ಲಿಷ್ ಮೇಷ್ಟ್ರುಗಳು ಹೇಳೋದು ಕಡಿಮೆ. ಜಾತಿ ಎಂಬ ಪದವನ್ನು ಹಕ್ಸ್ಲಿಯೇ ಬಳಸುತ್ತಾನೆ. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ, ಎಪ್ಸಿಲಾನ್ ಎಂದು ಐದು ಮೆಟ್ಟಿಲು. ಗರ್ಭದ ಬದಲು ಸೀಸೆಯಲ್ಲಿ ಬೆಳೆಯುವ ಎಪ್ಸಿಲಾನ್ ಭ್ರೂಣಕ್ಕೆ ಆಮ್ಲಜನಕ ಕಡಿಮೆ ಕೊಟ್ಟು ಅದರ ಬುದ್ಧಿಯನ್ನು ಮೊದಲೇ ಕುಂದಿಸುತ್ತಾರೆ. ಎಂಟು ತಿಂಗಳ ಡೆಲ್ಟಾ ಕೂಸುಗಳ ಮುಂದೆ ಪುಸ್ತಕ, ಹೂ ಇಟ್ಟು, ಅವು ಕೈ ಚಾಚಿದ ಕೂಡಲೇ ಕಿವಿ ಕಿತ್ತುಹೋಗುವ ಸದ್ದು ಮಾಡಿ, ವಿದ್ಯುತ್ತಿನಿಂದ ಹೊಡೆಯುತ್ತಾರೆ. ಇನ್ನೂರು ಸಲ ಹೀಗೆ ಮಾಡಿದರೆ ಸಾಕು, ಅವು ಬದುಕಿಡೀ ಅಕ್ಷರ ಕಂಡರೆ ಬೆದರುತ್ತವೆ. ನಮ್ಮಲ್ಲಿ ಇದೇ ಕೆಲಸವನ್ನು ವಿದ್ಯುತ್ತಿಲ್ಲದೆ, ಶಾಸ್ತ್ರ ಮತ್ತು ಬೆತ್ತದಿಂದ ಮಾಡಿ ಮುಗಿಸಿದ್ದರು.

ಹೀಗೆ ಬೆಳೆದ ಆಳುಗಳಿಗೆ ದಿನಕ್ಕೆ ಏಳೂವರೆ ಗಂಟೆ ದುಡಿತ, ಆಮೇಲೆ ಸೋಮದ ಮಾತ್ರೆ. ವೇದದ ಆ ಪಾನೀಯದ ಹೆಸರನ್ನೇ ಹಕ್ಸ್ಲಿ ಮಾತ್ರೆಗೆ ಇಟ್ಟಿದ್ದಾನೆ. ನುಂಗಿದರೆ ನೋವಿಲ್ಲ, ಸಿಟ್ಟಿಲ್ಲ, ಪ್ರಶ್ನೆಯಿಲ್ಲ. ಸಮಾಜ ನೀರ್ಗಲ್ಲಿನ ಬೆಟ್ಟದಂತಿರಬೇಕು, ಒಂಬತ್ತರಲ್ಲಿ ಎಂಟು ಪಾಲು ನೀರೊಳಗೆ, ಒಂದು ಪಾಲು ಮೇಲೆ ಎಂಬುದು ಅಲ್ಲಿನ ಆಳುವವನ ಸಿದ್ಧಾಂತ. ಕೆಳಗಿರೋರೇ ಹೆಚ್ಚು ಸುಖವಾಗಿದ್ದಾರೆ ಅಂತ ಬೇರೆ ಹೇಳುತ್ತಾನೆ. ಇಂಥ ಮಾತನ್ನು ನಮ್ಮ ಧಣಿಗಳ ಬಾಯಲ್ಲೂ ಕೇಳಿದ್ದೇವಲ್ಲ. 'ಅವರಿಗೇನ್ರೀ, ದುಡೀತಾರೆ, ಕುಡೀತಾರೆ, ಹಾಯಾಗಿದ್ದಾರೆ!'

ಕಾದಂಬರಿಯ ಹದಿನೈದನೇ ಅಧ್ಯಾಯ ನಮಗೆ ಮುಖ್ಯ. ಹೊರಗಿನ ಕಾಡುಸೀಮೆಯಿಂದ ಬಂದ ಜಾನ್‌ನ ತಾಯಿ ಸೋಮದ ಅಮಲಲ್ಲೇ ಸತ್ತಿದ್ದಾಳೆ. ಆಸ್ಪತ್ರೆಯ ಬಾಗಿಲಲ್ಲಿ 162 ಡೆಲ್ಟಾ ಆಳುಗಳು ಕೆಲಸ ಮುಗಿಸಿ ಅವತ್ತಿನ ಸೋಮಕ್ಕಾಗಿ ಕಾದಿದ್ದಾರೆ. ಜಾನ್ ನುಗ್ಗಿ, ಅದು ವಿಷ ಎಂದು ಕೂಗಿ, ಡಬ್ಬಿಗಳನ್ನು ಕಿಟಕಿಯಾಚೆ ಎಸೆಯುತ್ತಾನೆ. ನಿಮಗೆ ಗುಲಾಮರಾಗಿರೋದೇ ಇಷ್ಟವಾ ಅಂತ ಕೇಳುತ್ತಾನೆ. ಡೆಲ್ಟಾಗಳು ಅವನ ಮೇಲೆಯೇ ಬೀಳುತ್ತಾರೆ. ಪೊಲೀಸರು ಬಂದು ಸೋಮದ ಹೊಗೆ ಹರಡುತ್ತಾರೆ. ಒಬ್ಬರನ್ನೊಬ್ಬರು ತಬ್ಬಿಕೊಂಡು ಎಲ್ಲರೂ ತಣ್ಣಗಾಗುತ್ತಾರೆ.

ವಿಮರ್ಶಕರು ಇಲ್ಲಿ ಜಾನ್‌ನ ಕಡೆಗೆ ಮರುಗುತ್ತಾರೆ. ನಾನು ಡೆಲ್ಟಾಗಳ ಕಡೆ ನಿಂತು ಕೇಳುತ್ತೇನೆ: ಜಾನ್ ಕಿತ್ತುಕೊಂಡ, ಸರಿ, ತಂದದ್ದೇನು? ನಾಳೆ ಬೆಳಗ್ಗೆಯೂ ಅದೇ ಕೆಲಸ, ಅದೇ ಖಾಕಿ ಬಟ್ಟೆ. ಮಾತ್ರೆ ಮಾತ್ರ ಇಲ್ಲ. ದುಃಖಪಡುವ ಹಕ್ಕು ನನಗೆ ಬೇಕು ಎಂದು ಜಾನ್ ಆಮೇಲೆ ವಾದಿಸುತ್ತಾನೆ. ದುಃಖವೇ ಪಾಲಿಗೆ ಬಂದವರಿಗೆ ಅದೊಂದು ಹಕ್ಕೇ? 1946ರ ಮುನ್ನುಡಿಯಲ್ಲಿ, ಜಾನ್‌ಗೆ ಎರಡೇ ದಾರಿ ಕೊಟ್ಟದ್ದು ಕೃತಿಯ ಕೊರತೆ, ಮೂರನೆಯದೊಂದನ್ನು ಕೊಡಬೇಕಿತ್ತು ಅಂತ ಹಕ್ಸ್ಲಿ ಬರೆದ. ಅದೂ ಜಾನ್‌ಗೆ! ಡೆಲ್ಟಾಗಳಿಗೆ ಕಾದಂಬರಿಕಾರ ಒಂದು ದಾರಿಯನ್ನೂ ಇಡಲಿಲ್ಲ. ಅವರು ಅವನಿಗೆ ಬರೀ ಗುಂಪು.

ಆ ಇನ್ನೊಂದು ದಾರಿಯನ್ನು ಕರ್ನಾಟಕದ ಕೇರಿಗಳು ಒಂದು ಘೋಷಣೆಯಲ್ಲಿ ಹೇಳಿದ್ದವು. 'ಹೆಂಡ ಬೇಡ, ವಸತಿ ಶಾಲೆ ಬೇಕು' ಅಂತ ದಲಿತ ಸಂಘರ್ಷ ಸಮಿತಿ ಬೀದಿಗಿಳಿಯಿತು. ಈ ಘೋಷಣೆಗೆ ಎರಡು ಕಾಲಿದೆ. 'ಬೇಡ' ಅನ್ನೋದು ಒಂದು, 'ಬೇಕು' ಅನ್ನೋದು ಇನ್ನೊಂದು. ಜಾನ್ ಒಂಟಿಕಾಲಲ್ಲಿ ನಿಂತು ಬಿದ್ದ. ನಮ್ಮ ಸರ್ಕಾರದ್ದೂ ಅದೇ ಕಥೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಸಾರಾಯಿ ಅಂಗಡಿ ಮುಚ್ಚಿತು, ಬ್ರಾಂದಿ ಅಂಗಡಿ ಮುಚ್ಚಲಿಲ್ಲ. ಅಬಕಾರಿ ಇವತ್ತಿಗೂ ಬೊಕ್ಕಸದ ದೊಡ್ಡ ಆದಾಯ. ಅಂದರೆ 'ಬೇಡ' ಅನ್ನೋದನ್ನೂ ಪೂರ್ತಿ ಹೇಳಲಿಲ್ಲ.

ಕುಡಿಯೋರಿಗೆ ನೀತಿ ಹೇಳೋರು ಮಲದ ಗುಂಡಿಯ ಬಾಯಲ್ಲಿ ಒಂದು ಗಳಿಗೆ ನಿಲ್ಲಲಿ. ಮೈಮೇಲೆ ಎಚ್ಚರ ಇಟ್ಟುಕೊಂಡು ಅದರೊಳಕ್ಕೆ ಇಳಿಯೋದಕ್ಕಾಗಲ್ಲ, ಕುಡಿದೇ ಇಳೀಬೇಕು ಅಂತ ಆ ಕೆಲಸ ಮಾಡಿದೋರು ಹೇಳುತ್ತಲೇ ಬಂದಿದ್ದಾರೆ. ಈ ಕೆಲಸವನ್ನು ನಿಲ್ಲಿಸಲು 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು ಬಂತು. ಅಲ್ಲಿ ಹೆಂಡ ಸುಖವೂ ಅಲ್ಲ, ಚಟವೂ ಅಲ್ಲ. ಗುದ್ದಲಿ, ಬಕೆಟ್ಟಿನ ಹಾಗೆ ಕೆಲಸದ ಸಾಮಾನು. ಬಾಟಲಿ ಕಿತ್ತುಕೊಂಡು ಗುಂಡಿಯನ್ನು ಹಾಗೇ ಬಿಟ್ಟರೆ ನಾವು ಮಾಡಿದ್ದು ಉದ್ಧಾರವಲ್ಲ, ಇನ್ನೊಂದು ಕ್ರೌರ್ಯ.

ಹಂಗಂತ ಬಾಟಲಿಯ ಪರ ವಾದಿಸುತ್ತಿಲ್ಲ. ಸುಖದ ಯಂತ್ರ ಆಳುವವರಿಗೆ ಬೇಕಾದ ಯಂತ್ರ. ಅದರೊಳಗೆ ಮಲಗಿದವನು ಕೂಲಿ ಹೆಚ್ಚಿಸು ಅಂತ ಕೇಳುವುದಿಲ್ಲ, ಗುಂಡಿ ಮುಚ್ಚು ಅಂತ ಕೂಗುವುದಿಲ್ಲ. ನೋವು ಗೊತ್ತಾದರೆ ತಾನೇ ಸಿಟ್ಟು, ಸಿಟ್ಟು ಬಂದರೆ ತಾನೇ ಸಂಘಟನೆ. ಅದಕ್ಕೇ ಎಚ್ಚರ ಬೇಕು. ಆದರೆ ಎಚ್ಚರಿಸುವವನು ಬರಿಗೈಲಿ ಬರಬಾರದು. ಜಮೀನು, ಶಾಲೆ, ಮರ್ಯಾದೆಯ ಕೆಲಸ ಇವುಗಳ ಹೋರಾಟವನ್ನೂ ಜೊತೆಗೆ ತರಬೇಕು.

ಹಕ್ಸ್ಲಿಯ ಕಾದಂಬರಿಯನ್ನು ಓದಬೇಡಿ ಅನ್ನುತ್ತಿಲ್ಲ. ಓದಿ, ಪಾಠ ಮಾಡಿ. ನೀನು ಯಂತ್ರದೊಳಕ್ಕೆ ಹೋಗ್ತೀಯಾ ಅಂತ ಹುಡುಗರನ್ನು ಕೇಳುವ ಮೊದಲು, ಹೊರಗೆ ಬಂದವನಿಗೆ ನಾವೇನು ಇಟ್ಟಿದ್ದೇವೆ ಅಂತ ಕೇಳಿ. ಆಸ್ಪತ್ರೆಯ ಆ 162 ಜನರ ಕೈಗೆ ಅವತ್ತು ಸಂಜೆ ಮತ್ತೆ ಸೋಮದ ಡಬ್ಬಿಯೇ ಬಂತು. ಬೇರೇನನ್ನೂ ಯಾರೂ ತಂದಿರಲಿಲ್ಲ.