ಹೆಸರು ಮತ್ತು ಕಾರ್ಯ: ಮಲೇರಿಯಾ ಪರಾವಲಂಬಿಯ ಪ್ರೋಟೀನ್ ದತ್ತಸಂಚಯಗಳ ವಿಮರ್ಶೆ

ಮಾರಕ ಮಲೇರಿಯಾಕ್ಕೆ ಕಾರಣವಾದ ಪ್ಲಾಸ್ಮೋಡಿಯಮ್ ಫಾಲ್ಸಿಪಾರಮ್ ಎಂಬ ಪರಾವಲಂಬಿಯ ಜೀನೋಮ್ 2002ರಲ್ಲಿ ಪ್ರಕಟವಾದಾಗ ಅದರಲ್ಲಿ ಸುಮಾರು 5,300 ಜೀನುಗಳನ್ನು ಗುರುತಿಸಲಾಯಿತು. ಅವುಗಳ ಪ್ರೋಟೀನುಗಳಲ್ಲಿ ಸುಮಾರು ಶೇ. 60ರಷ್ಟಕ್ಕೆ ಕಾರ್ಯವನ್ನು ಸೂಚಿಸಬಲ್ಲ ಸಾದೃಶ್ಯ ಬೇರೆ ಜೀವಿಗಳಲ್ಲಿ ದೊರೆಯಲಿಲ್ಲ. ಈ ಮಾಹಿತಿಯನ್ನು ಅಂತರಜಾಲದಲ್ಲಿ ಸಂಶೋಧಕರಿಗೆ ಒದಗಿಸಿದ ಪ್ಲಾಸ್ಮೋಡಿಬಿ ದತ್ತಸಂಚಯದ ಉಪಕಾರ ದೊಡ್ಡದು. ಆದರೆ ಅಲ್ಲಿ ಪ್ರೋಟೀನಿಗೆ ಕೊಟ್ಟಿರುವ ಹೆಸರಿನಲ್ಲಿ ಜ್ಞಾನವೆಷ್ಟು, ಊಹೆಯೆಷ್ಟು ಎಂಬುದು ವಿಚಾರಾರ್ಹ.

ಹೊಸ ಪ್ರೋಟೀನಿನ ಅಮೈನೋ ಆಮ್ಲಗಳ ಸರಣಿಯನ್ನು ಗಣಕವು ಪರಿಚಿತ ಸರಣಿಗಳೊಡನೆ ಹೋಲಿಸಿ, ಸಾಮ್ಯ ಕಂಡಲ್ಲಿ ಅವುಗಳ ಕಾರ್ಯವನ್ನು ಇದಕ್ಕೂ ಆರೋಪಿಸುತ್ತದೆ. ಪ್ಲಾಸ್ಮೋಡಿಯಮ್ಮಾದರೋ ಯೀಸ್ಟ್, ಮಾನವ ಮೊದಲಾದ ಚೆನ್ನಾಗಿ ಅಭ್ಯಸಿಸಲ್ಪಟ್ಟ ಜೀವಿಗಳಿಂದ ವಿಕಾಸದ ಹಾದಿಯಲ್ಲಿ ಬಹುದೂರ ಸರಿದಿದೆ.

ಹಾಗೆಂದು ಊಹೆಯನ್ನು ಅಲ್ಲಗಳೆಯುವಂತಿಲ್ಲ. ಜೀನುಗಳ ಅಭಿವ್ಯಕ್ತಿಯನ್ನು ನಿಯಂತ್ರಿಸುವ ಪ್ರೋಟೀನುಗಳು ಈ ಜೀವಿಯಲ್ಲಿ ತೀರ ವಿರಳವೆಂದು ಮೊದಲಿಗೆ ತೋರಿತ್ತು. 2005ರಲ್ಲಿ ಬಾಲಾಜಿ, ಬಾಬು, ಅಯ್ಯರ್ ಮತ್ತು ಅರವಿಂದ್ ಹೆಚ್ಚು ಸೂಕ್ಷ್ಮವಾದ ಹೋಲಿಕೆಯ ವಿಧಾನದಿಂದ ಅಂತಹ ಪ್ರೋಟೀನುಗಳ ಕುಟುಂಬವೊಂದನ್ನೇ ಪತ್ತೆಹಚ್ಚಿದರು. ಸಸ್ಯಗಳಲ್ಲಿ ಪರಿಚಿತವಾಗಿದ್ದ, ಡಿಎನ್‌ಎಗೆ ಅಂಟಿಕೊಳ್ಳುವ ಎಪಿ2 ಎಂಬ ಭಾಗ ಇವುಗಳಲ್ಲಿತ್ತು. ಇವುಗಳಲ್ಲೊಂದಾದ ಎಪಿ2-ಜಿ, ಪರಾವಲಂಬಿಯು ಸೊಳ್ಳೆಗೆ ದಾಟಲು ಅವಶ್ಯವಾದ ಲೈಂಗಿಕ ಹಂತವನ್ನು ನಿಯಂತ್ರಿಸುತ್ತದೆಂದು 2014ರಲ್ಲಿ ಪ್ರಯೋಗಗಳಿಂದ ಸಿದ್ಧವಾಯಿತು. ಊಹೆಗೂ ಪ್ರಮಾಣಕ್ಕೂ ನಡುವೆ ಒಂಬತ್ತು ವರ್ಷಗಳ ಅಂತರ!

ಕೆಲ್ಚ್13ರ ಕಥೆ ಬೇರೆ. ಈ ಪ್ರೋಟೀನಿನಲ್ಲಾಗುವ ಬದಲಾವಣೆಗಳು ಆರ್ಟೆಮಿಸಿನಿನ್ ಔಷಧಕ್ಕೆ ಬರುವ ನಿರೋಧದ ಗುರುತೆಂದು ತಿಳಿದದ್ದೂ 2014ರಲ್ಲಿಯೇ. ಅದರ ಹೆಸರು ಬಂದದ್ದು ಸಾದೃಶ್ಯದಿಂದ. ಚಾಲಕಚಕ್ರದಂತಹ ಆಕಾರವುಳ್ಳ ಕೆಲ್ಚ್ ಭಾಗ ಅದರಲ್ಲಿದೆ. ಆದರೆ ಇಂತಹ ಭಾಗವಿರುವ ಪ್ರೋಟೀನುಗಳು ಇತರ ಜೀವಿಗಳಲ್ಲಿ ನಾನಾ ಕೆಲಸಗಳಲ್ಲಿ ತೊಡಗಿವೆ. ಪರಾವಲಂಬಿಯು ಕೆಂಪು ರಕ್ತಕಣದ ಹಿಮೋಗ್ಲೋಬಿನ್ನನ್ನು ಒಳಗೆಳೆದುಕೊಳ್ಳಲು ಈ ಪ್ರೋಟೀನು ಬೇಕೆಂಬುದು 2020ರ ಪ್ರಯೋಗಗಳಿಂದ ಹೊರಬಂತು. ಹಿಮೋಗ್ಲೋಬಿನ್ ಜೀರ್ಣವಾದಾಗ ದೊರೆಯುವ ಹೀಮ್ ಔಷಧವನ್ನು ಚುರುಕುಗೊಳಿಸುವುದರಿಂದ, ಸೇವನೆ ತಗ್ಗಿದರೆ ಔಷಧದ ಪ್ರಭಾವವೂ ತಗ್ಗುತ್ತದೆ. ಹೆಸರಿನಿಂದ ಇದನ್ನು ಯಾರೂ ಊಹಿಸುವಂತಿರಲಿಲ್ಲ. 2021ರಿಂದ ಆಲ್ಫಾಫೋಲ್ಡ್ ಈ ಪರಾವಲಂಬಿಯ ಪ್ರೋಟೀನುಗಳ ಆಕಾರವನ್ನೂ ಊಹಿಸಿ ಕೊಡುತ್ತಿದೆಯಾದರೂ, ಕೆಲ್ಚ್13ರ ಮಟ್ಟಿಗೆ ಕೊರತೆಯಿದ್ದದ್ದು ಆಕಾರದ ಅರಿವಿನಲ್ಲಲ್ಲ.

ಜೀನ್ ಆಂಟಾಲಜಿ ಪದ್ಧತಿಯಲ್ಲಿ ಪ್ರತಿಯೊಂದು ಆರೋಪಕ್ಕೂ ಆಧಾರಸೂಚಕ ಸಂಕೇತವುಂಟು. ತಜ್ಞರು ಪರಿಶೀಲಿಸದೆ ಯಂತ್ರವೇ ನೀಡಿದ್ದಕ್ಕೆ ಐಇಎ ಎಂಬ ಮುದ್ರೆ. ಇದು ಸ್ತುತ್ಯವಾದ ಏರ್ಪಾಡು. ಆದರೆ ಪ್ರೋಟೀನಿನ ಹೆಸರು ಪುಟದ ನೆತ್ತಿಯಲ್ಲಿರುತ್ತದೆ, ಸಂಕೇತವನ್ನು ಕೆಳಗಿನ ಕೋಷ್ಟಕಗಳಲ್ಲಿ ಅರಸಬೇಕು. ಔಷಧದ ಗುರಿಯನ್ನು ಅರಸುವವರು ಹೆಸರನ್ನಷ್ಟೇ ನಕಲಿಸಿಕೊಂಡು ಹೋದರೆ, ಮುಂದಿನ ಪಟ್ಟಿಯಲ್ಲಿ ಊಹೆಯೇ ಆಧಾರವಾಗಿ ಕುಳಿತಿರುತ್ತದೆ.