ಹಿಟ್ಟಿನ ಕೋಳಿಯೂ ತಾಯಿಯ ಮಾತೂ

ಸಾಹಿತ್ಯದಲ್ಲಿನ ಮಾತಾಪಿತೃಗಳ ಮತ್ತು ಮಕ್ಕಳ ಸಂಬಂಧವನ್ನು ಮನೋವಿಶ್ಲೇಷಣೆಯ ದೃಷ್ಟಿಯಿಂದ ಪರಿಶೀಲಿಸುವ ಕ್ರಮಕ್ಕೆ ಸಿಗ್ಮಂಡ್ ಫ್ರಾಯ್ಡ್ ತಳಹದಿ ಹಾಕಿದನು. ಮಗನು ತಂದೆಯನ್ನು ಪ್ರತಿಸ್ಪರ್ಧಿಯೆಂದು ಕಾಣುವ ಸುಪ್ತಭಾವವನ್ನು ಅವನು ಗ್ರೀಕರ ಈಡಿಪಸ್ ಕಥೆಯಲ್ಲಿ ಗುರುತಿಸಿದನು. ಭಾರತೀಯ ಕಥೆಗಳಲ್ಲಿ ಈ ದಿಕ್ಕು ತಿರುಗುವುದನ್ನು ಎ. ಕೆ. ರಾಮಾನುಜನ್ (1929–1993) ತೋರಿಸಿಕೊಟ್ಟರು. ಇಲ್ಲಿ ಹಿರಿಯರೇ ಕಿರಿಯರಿಂದ ತ್ಯಾಗವನ್ನು ಪಡೆಯುತ್ತಾರೆ. ಯಯಾತಿಗೆ ಪೂರುವು ತನ್ನ ಯೌವನವನ್ನೇ ಕೊಡುತ್ತಾನೆ.

ಈ ಬೆಳಕಿನಲ್ಲಿ 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯನ್ನು ಮತ್ತೊಮ್ಮೆ ಓದುವುದು ಉಚಿತ. ನಮ್ಮಲ್ಲಿ ಚರ್ಚೆಯು ಬಹುಮಟ್ಟಿಗೆ ಅಮೃತಮತಿಯ ವ್ಯಾಮೋಹದ ಸುತ್ತಲೇ ನಡೆಯುತ್ತದೆ. ಆದರೆ ದುರಂತದ ಕೀಲು ಇರುವುದು ತಾಯಿ ಚಂದ್ರಮತಿಗೂ ಮಗ ಯಶೋಧರನಿಗೂ ನಡೆಯುವ ಸಂವಾದದಲ್ಲಿ. ಪತ್ನಿಯ ನಡತೆಯನ್ನು ಕಣ್ಣಾರೆ ಕಂಡ ಅರಸನು ತಾಯಿಗೆ ನಿಜವನ್ನು ಹೇಳಲಾರದೆ ಕನಸೊಂದನ್ನು ಕಲ್ಪಿಸಿ ಹೇಳುತ್ತಾನೆ. ಕೇಡು ಕಳೆಯಲು ಬಲಿ ಕೊಡಬೇಕೆಂದು ಆಕೆ ಒತ್ತಾಯಿಸುತ್ತಾಳೆ. ಜೀವವಧೆಗೆ ಒಪ್ಪದ ಮಗನು ತಾಯಿಯನ್ನು ನೋಯಿಸಲೂ ಆರದೆ ಹಿಟ್ಟಿನ ಕೋಳಿಗೆ ಸಮ್ಮತಿಸುತ್ತಾನೆ.

ಲೇಖಕನು ಕಲ್ಪಿಸಿದ ಕನಸಿಗೂ ಅರ್ಥವುಂಟೆಂದು ಫ್ರಾಯ್ಡ್ 1907ರಲ್ಲಿ ಯೆನ್ಸೆನ್ನನ ‘ಗ್ರಾಡಿವಾ’ ಕೃತಿಯನ್ನು ವಿವೇಚಿಸುತ್ತ ವಾದಿಸಿದನು. ಯಶೋಧರನ ಕಟ್ಟುಗನಸಿಗೂ ಅರ್ಥವಿದೆ. ಅರಸನಾದ ಮೇಲೂ ತಾಯಿಯ ಮುಂದೆ ಬಾಯಿ ಬಿಡಲಾರದ ಬಾಲಕನೊಬ್ಬನು ಆ ಸುಳ್ಳಿನ ಹಿಂದೆ ಅಡಗಿದ್ದಾನೆ.

ಮನೋವಿಶ್ಲೇಷಣೆಯು ಕಾರಣವನ್ನು ತಿಳಿಸಿ ಇಲ್ಲಿಗೆ ನಿಲ್ಲುತ್ತದೆ. ಜೈನಕವಿಯು ಮುಂದೆ ಹೋಗುತ್ತಾನೆ. ಕಾರಣ ತಿಳಿದ ಮಾತ್ರಕ್ಕೆ ಹೊಣೆ ತಪ್ಪದು. ಹಿಟ್ಟಿನಲ್ಲಿ ಪ್ರಾಣವಿರದಿದ್ದರೂ ಕೊಲ್ಲುವ ಸಂಕಲ್ಪವಿತ್ತು, ಅದು ಭಾವಹಿಂಸೆ. ಆದುದರಿಂದ ವಾತ್ಸಲ್ಯದಿಂದ ಪ್ರೇರಿಸಿದವಳೂ ಭಕ್ತಿಯಿಂದ ಒಪ್ಪಿದವನೂ ಜೊತೆಯಾಗಿಯೇ ಭವಭವಗಳಲ್ಲಿ ತೊಳಲುತ್ತಾರೆ. ಕೊನೆಗೆ ಯಶೋಧರನ ಮಗನಾದ ಯಶೋಮತಿಯ ಮಕ್ಕಳಾಗಿ, ಅಭಯರುಚಿ ಮತ್ತು ಅಭಯಮತಿ ಎಂಬ ಹೆಸರಿನಲ್ಲಿ ಹುಟ್ಟುತ್ತಾರೆ. ತಾಯಿ-ಮಗ ಒಡಹುಟ್ಟಿದವರಾದಾಗ ಆಜ್ಞೆಯೂ ಅಂಜಿಕೆಯೂ ಅಳಿಯುತ್ತವೆ. ಹೆತ್ತವಳೆದುರು ನಿಜ ನುಡಿಯಲಾರದಿದ್ದ ಜೀವವು ಈಗ ಬಲಿಗೆ ಸಿದ್ಧನಾದ ಮಾರಿದತ್ತನೆದುರು ನಿರ್ಭಯವಾಗಿ ನಿಜವನ್ನು ನುಡಿಯುತ್ತದೆ; ಬಲಿಯೂ ನಿಲ್ಲುತ್ತದೆ.

ವಿದ್ಯೆ, ವಿವಾಹ, ವ್ಯಾಪಾರಗಳಲ್ಲಿ ನಾವು ಮಕ್ಕಳಿಗೆ ವಿಧಿಸುವ ಕಟ್ಟಳೆಗಳು ಪ್ರೀತಿಯಿಂದ ಹುಟ್ಟಿದವೆಂಬ ಒಂದೇ ಕಾರಣಕ್ಕೆ ಅಹಿಂಸೆ ಎನಿಸಿಕೊಳ್ಳುವುದಿಲ್ಲ. ಬಸದಿಗಳ ಸ್ವಾಧ್ಯಾಯದಲ್ಲಿ ಈ ಕಾವ್ಯವನ್ನು ಓದುವಾಗ ಹಿರಿಯರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು: ಅಪ್ರಿಯವಾದ ಸತ್ಯವನ್ನು ಮಕ್ಕಳು ಅಂಜದೆ ಹೇಳುವಷ್ಟು ಅಭಯವನ್ನು ನಾವು ಅವರಿಗೆ ಕೊಟ್ಟಿದ್ದೇವೆಯೇ?